ಜರ್ಮನಿಯಲ್ಲಿ ಹೊಸ ಮಾಂಗಾ: ಬಂದ ಹಾಗೆ ಕೊಳ್ಳಬೇಕಾ, ಕಾಯಬೇಕಾ, ಹಳೆಯದು ಹುಡುಕಬೇಕಾ?

ಓದಲು ಅಥವಾ ಕೆಲಸಕ್ಕೆ ಜರ್ಮನಿಗೆ ಹೋದ ನಮ್ಮವರಲ್ಲಿ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ ಪುಸ್ತಕಗಳ ಹುಚ್ಚು ಇರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಲ್ಲಿ ಕಡಿಮೆಗೆ ಸಿಗುತ್ತದೆ? ದಸರಾ, ದೀಪಾವಳಿ ಆಫರ್‌ಗೆ ಕಾದು ಕೊಳ್ಳುವುದು ನಮಗೆ ರೂಢಿ. ಜರ್ಮನಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬುಖ್‌ಪ್ರೈಸ್‌ಬಿಂಡುಂಗ್, ಅಂದರೆ ಪುಸ್ತಕಕ್ಕೆ ಕಟ್ಟುಬೆಲೆ ಅನ್ನುವ ಪದ್ಧತಿ ಇದೆ. 2002ರಿಂದ ಅದಕ್ಕೆ ಪ್ರತ್ಯೇಕ ಕಾನೂನೇ ಇದೆ. ಜರ್ಮನ್ ಭಾಷೆಯ ಹೊಸ ಪುಸ್ತಕಕ್ಕೆ ಪ್ರಕಾಶಕರು ಒಂದು ಬೆಲೆ ಗೊತ್ತು ಮಾಡುತ್ತಾರೆ. ಮ್ಯೂನಿಕ್‌ನ ದೊಡ್ಡ ಮಳಿಗೆಯಾಗಲಿ, ಸಣ್ಣ ಊರಿನ ಅಂಗಡಿಯಾಗಲಿ, ಅಮೆಜಾನ್ ಆಗಲಿ, ಎಲ್ಲರೂ ಅದೇ ಬೆಲೆಗೆ ಮಾರಬೇಕು. ಇ-ಪುಸ್ತಕಕ್ಕೂ ಇದೇ ನಿಯಮ. 18 ತಿಂಗಳು ಕಳೆದ ಮೇಲೆ ಪ್ರಕಾಶಕರು ಬೇಕಾದರೆ ಈ ಕಟ್ಟು ಬಿಡಿಸಬಹುದು. ಆದರೆ ಇನ್ನೂ ನಡೆಯುತ್ತಿರುವ ಸರಣಿಗೆ ಹಾಗೆ ಮಾಡುವುದು ತೀರಾ ಕಡಿಮೆ.

ಹಾಗಾಗಿ ಬೆಲೆ ಇಳಿಯಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಕಾದರೆ ಬರುವ ಅಪಾಯ ಬೇರೆಯೇ ಇದೆ. ಪುಸ್ತಕವೇ ಸಿಗದೆ ಹೋಗಬಹುದು. ನನ್ನ ಪ್ರಕಾರ ಜರ್ಮನ್ ಮಾರುಕಟ್ಟೆಯಲ್ಲಿ ಕೇಳಬೇಕಾದ ನಿಜವಾದ ಪ್ರಶ್ನೆ ಎರಡೇ. ಈ ಸರಣಿ ಎಷ್ಟು ದಿನ ಅಚ್ಚಿನಲ್ಲಿ ಇರುತ್ತದೆ? ನನಗೆ ಅದು ಯಾವ ರೂಪದಲ್ಲಿ ಬೇಕು? ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮಧ್ಯದ ಸಂಪುಟಗಳ ಕಾಟ

ಸರಣಿ ಹೇಗೆ ಮಾರಾಟವಾಗುತ್ತದೆ ಅಂತ ಸ್ವಲ್ಪ ನೋಡಿ. ಮೊದಲ ಸಂಪುಟವನ್ನು ಕುತೂಹಲಕ್ಕೆ ತುಂಬಾ ಜನ ಕೊಳ್ಳುತ್ತಾರೆ. ಎರಡನೆಯದಕ್ಕೆ ಕೆಲವರು ಉದುರುತ್ತಾರೆ. ಐದು, ಆರಕ್ಕೆ ಬರುವ ಹೊತ್ತಿಗೆ ನಿಜವಾದ ಓದುಗರು ಮಾತ್ರ ಉಳಿದಿರುತ್ತಾರೆ. ಪ್ರಕಾಶಕರಿಗೂ ಇದು ಗೊತ್ತು. ಅದಕ್ಕೇ ಮುಂದಿನ ಸಂಪುಟಗಳನ್ನು ಕಡಿಮೆ ಪ್ರತಿ ಅಚ್ಚು ಹಾಕುತ್ತಾರೆ. ಎರಡು ವರ್ಷ ಬಿಟ್ಟು ಹೊಸಬರು ಬಂದರೆ 1, 2, 3 ಸಿಗುತ್ತವೆ, 9, 10 ಸಿಗುತ್ತವೆ, 6 ಮಾತ್ರ ಎಲ್ಲೂ ಇಲ್ಲ. ಅಂಗಡಿಯ ಕಂಪ್ಯೂಟರ್‌ನಲ್ಲಿ ಫೆರ್‌ಗ್ರಿಫೆನ್ ಅಂತ ತೋರಿಸುತ್ತದೆ. ಪ್ರಕಾಶಕರ ಬಳಿಯೂ ಮುಗಿದಿದೆ ಅಂತ ಅರ್ಥ. ಮರುಮುದ್ರಣ ಬರಬಹುದು, ಬರದೆಯೂ ಇರಬಹುದು. ಜಪಾನಿನ ಪ್ರಕಾಶಕರ ಜೊತೆಗಿನ ಲೈಸೆನ್ಸ್ ಅವಧಿ ಮುಗಿದಿದ್ದರೆ ಇವರು ಅಚ್ಚು ಹಾಕುವಂತೆಯೇ ಇಲ್ಲ.

ಆಗ ಆ ಒಂದು ಸಂಪುಟಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಮೂರು, ನಾಲ್ಕು ಪಟ್ಟು ಬೆಲೆ ಹೇಳುವವರು ಇದ್ದಾರೆ. ಹೊಸ ಪುಸ್ತಕಕ್ಕೆ ಇರುವ ಕಟ್ಟುಬೆಲೆ ಹಳೆಯದಕ್ಕೆ ಇಲ್ಲ. ಯಾರು ಎಷ್ಟು ಬೇಕಾದರೂ ಹೇಳಬಹುದು.

ದಾರಿ ಒಂದು: ಬಿಡುಗಡೆಯಾದ ಹಾಗೆ ಒಂದೊಂದೇ ಸಂಪುಟ

ಈಗಷ್ಟೇ ಶುರುವಾಗುತ್ತಿರುವ ಸರಣಿಗೆ ನಾನು ಕಣ್ಣು ಮುಚ್ಚಿ ಈ ದಾರಿಯನ್ನೇ ಹೇಳುತ್ತೇನೆ. ಸಾಮಾನ್ಯ ಪೇಪರ್‌ಬ್ಯಾಕ್ ಸಂಪುಟಕ್ಕೆ ಈಗ 7-8 ಯೂರೋ ಆಸುಪಾಸು. ಸ್ವಲ್ಪ ದೊಡ್ಡ ಅಳತೆಯದ್ದಾದರೆ 10 ಯೂರೋ ಅಥವಾ ಮೇಲೆ. ಹೊಸ ಸರಣಿಯ ಸಂಪುಟಗಳು ಮೊದಲು ಎರಡು, ಮೂರು ತಿಂಗಳಿಗೊಂದರಂತೆ ಬರುತ್ತವೆ. ಜಪಾನಿನಲ್ಲಿ ಬಂದಿರುವ ಸಂಪುಟಗಳನ್ನು ಮುಟ್ಟಿದ ಮೇಲೆ ಓಟ ನಿಧಾನವಾಗುತ್ತದೆ. ಆಮೇಲೆ ನಾಲ್ಕು, ಆರು ತಿಂಗಳು ಕಾಯಬೇಕಾಗಬಹುದು. ವಿದ್ಯಾರ್ಥಿಯ ಜೇಬಿಗೆ ಇದು ಒಳ್ಳೆಯದೇ. ಮೂರು ಸರಣಿ ಹಿಡಿದುಕೊಂಡರೂ ತಿಂಗಳಿಗೆ ಒಂದೆರಡು ಪುಸ್ತಕ ಅಷ್ಟೇ.

ಹಿಂಬಾಲಿಸುವುದು ಹೇಗೆ? ಯಾವ ಪ್ರಕಾಶಕರು ಏನು ತರುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಹ್ಯಾಂಬರ್ಗ್‌ನಲ್ಲಿ ಕಾರ್ಲ್‌ಸನ್, ಟೋಕಿಯೋಪಾಪ್, ಆಲ್ಟ್ರಾವರ್ಸ್ ಮೂರೂ ಇವೆ. ಬರ್ಲಿನ್‌ನಲ್ಲಿ ಎಗ್ಮಾಂಟ್. ಸ್ಟುಟ್‌ಗಾರ್ಟ್‌ನಲ್ಲಿ ಪಾನಿನಿ, ಅದರ ಪಕ್ಕದ ಲೂಡ್ವಿಗ್ಸ್‌ಬರ್ಗ್‌ನಲ್ಲಿ ಮಾಂಗಾ ಕಲ್ಟ್. ಹಿಂದೆ ಕಾಜೆ ಅಂತ ಇದ್ದದ್ದು 2022ರಲ್ಲಿ ಕ್ರಂಚಿರೋಲ್ ಹೆಸರಿಗೆ ಬದಲಾಯಿತು. ಇದರಲ್ಲಿ ಆಲ್ಟ್ರಾವರ್ಸ್ ಹೊಸದು, 2017ರಲ್ಲಿ ಶುರುವಾಯಿತು. ಆದರೆ ಅದನ್ನು ಕಟ್ಟಿದ ಯೋವಾಖಿಮ್ ಕಾಪ್ಸ್ ಅದಕ್ಕೂ ಮೊದಲು ಕಾರ್ಲ್‌ಸನ್, ಟೋಕಿಯೋಪಾಪ್ ಎರಡರಲ್ಲೂ ಮಾಂಗಾ ನಡೆಸಿದವರು. ಜರ್ಮನ್ ಮಾಂಗಾ ಲೋಕ ಅಷ್ಟು ಚಿಕ್ಕದು.

ಈ ಪ್ರಕಾಶಕರು ವರ್ಷಕ್ಕೆ ಎರಡು ಸಲ, ಮುಂದಿನ ಅರ್ಧ ವರ್ಷದ ಪಟ್ಟಿಯನ್ನು ಒಟ್ಟಿಗೆ ಹೊರಗೆ ಬಿಡುತ್ತಾರೆ. ಅಂದರೆ ಯಾವ ತಿಂಗಳಿಗೆ ಯಾವ ಸಂಪುಟ ಅನ್ನುವುದು ಬಹಳ ಮುಂಚೆಯೇ ಗೊತ್ತಾಗುತ್ತದೆ. ಪ್ರತಿ ಪ್ರಕಾಶಕರ ಪಟ್ಟಿಯನ್ನು ಬೇರೆ ಬೇರೆ ನೋಡುವುದು ಬೇಜಾರು. ಮಾಂಗಾ ಪ್ಯಾಶನ್ ಅನ್ನುವ ಜರ್ಮನ್ ತಾಣದಲ್ಲಿ ಎಲ್ಲರ ಬಿಡುಗಡೆ ದಿನಾಂಕಗಳೂ ಒಂದೇ ಕ್ಯಾಲೆಂಡರ್‌ನಲ್ಲಿ ಸಿಗುತ್ತವೆ. ನಿಮ್ಮ ಹತ್ತಿರ ಇರುವ ಸಂಪುಟಗಳನ್ನೂ ಅಲ್ಲೇ ಗುರುತು ಹಾಕಿಟ್ಟುಕೊಳ್ಳಬಹುದು. ಕೈಯಲ್ಲಿ 40-50 ಪುಸ್ತಕ ಆದ ಮೇಲೆ ಇದು ಬೇಕೇ ಬೇಕು. ಇಲ್ಲದಿದ್ದರೆ ಒಂದೇ ಸಂಪುಟ ಎರಡು ಸಲ ಮನೆಗೆ ಬರುತ್ತದೆ.

ಮೊದಲ ಮುದ್ರಣದ ಆಸೆ ಇದೆಯಾ? ಹಾಗಿದ್ದರೆ ಮುಂಗಡವಾಗಿ ಹೇಳಿಡಿ. ಹಲವು ಸಂಪುಟಗಳ ಮೊದಲ ಮುದ್ರಣದಲ್ಲಿ ಮಾತ್ರ ಬಣ್ಣದ ಕಾರ್ಡು, ಸ್ಟಿಕ್ಕರ್, ಪೋಸ್ಟ್‌ಕಾರ್ಡ್ ಇಡುತ್ತಾರೆ. ಕೆಲವಕ್ಕೆ ಇಡೀ ಸರಣಿ ಜೋಡಿಸಲು ರಟ್ಟಿನ ಪೆಟ್ಟಿಗೆ ಕೊಡುತ್ತಾರೆ. ಇದಕ್ಕೆ ಶೂಬರ್ ಅನ್ನುತ್ತಾರೆ. ಪೆಟ್ಟಿಗೆ ಸಾಮಾನ್ಯವಾಗಿ ಒಂದು ಸಂಪುಟದ ಜೊತೆ ಬರುತ್ತದೆ, ಅದರ ಬೆಲೆಯೂ ಸ್ವಲ್ಪ ಜಾಸ್ತಿ. ಅದು ಮುಗಿದರೆ ಮುಗಿಯಿತು. ಕಾರ್ಡಿಗಾಗಿ ನಾನು ಓಡುವುದಿಲ್ಲ. ಪೆಟ್ಟಿಗೆಗಾಗಿ ಓಡುತ್ತೇನೆ. ತೆಳು ರಟ್ಟಿನ ಪುಸ್ತಕಗಳು ಕಪಾಟಿನಲ್ಲಿ ಬಾಗದಂತೆ ಅದು ಹಿಡಿದಿಡುತ್ತದೆ, ಮನೆ ಬದಲಾಯಿಸುವಾಗ ಕಾಪಾಡುತ್ತದೆ.

ಯಾವ ಅಂಗಡಿ? ಬೆಲೆ ಎಲ್ಲ ಕಡೆ ಒಂದೇ ಆದ್ದರಿಂದ ಇಲ್ಲಿ ನೋಡಬೇಕಾದ್ದು ಅನುಕೂಲ ಮತ್ತು ಪುಸ್ತಕದ ಸ್ಥಿತಿ. ನಿಮ್ಮ ಬೀದಿಯ ಮಾಮೂಲಿ ಪುಸ್ತಕದಂಗಡಿಯನ್ನು ಕಡೆಗಣಿಸಬೇಡಿ. ಅಲ್ಲಿ ಮಾಂಗಾ ಕಪಾಟೇ ಇಲ್ಲದಿರಬಹುದು. ಆದರೂ ಐಎಸ್‌ಬಿಎನ್ ಸಂಖ್ಯೆ ಹೇಳಿದರೆ ಲಿಬ್ರಿಯಂಥ ಸಗಟು ವ್ಯಾಪಾರಿಗಳಿಂದ ತರಿಸಿಕೊಡುತ್ತಾರೆ. ಸ್ಟಾಕ್ ಇದ್ದರೆ ಇಂದು ಸಂಜೆ ಹೇಳಿದ್ದು ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ಇರುತ್ತದೆ. ಸಾಗಣೆ ಖರ್ಚು ಇಲ್ಲ. ಮೂಲೆ ಮಡಚಿದ ಪ್ರತಿ ಬಂದರೆ ಅಲ್ಲೇ ತೋರಿಸಿ ಬೇರೆ ಕೇಳಬಹುದು. ಥಾಲಿಯಾ, ಹೂಗೆನ್‌ಡೂಬೆಲ್‌ನಂಥ ದೊಡ್ಡ ಸರಪಳಿ ಮಳಿಗೆಗಳಲ್ಲಿ ಮಾಂಗಾಕ್ಕೆ ಗೋಡೆಗಟ್ಟಲೆ ಜಾಗ ಇದೆ. ಹೊಸದನ್ನು ತಿರುವಿ ನೋಡಲು ಅವು ಒಳ್ಳೆಯವು. ಆದರೆ ಅಲ್ಲಿ ಹತ್ತಾರು ಕೈ ತಿರುವಿದ ಪ್ರತಿಯೇ ನಿಮಗೆ ಸಿಗಬಹುದು. ಬರ್ಲಿನ್‌ನ ಮಾಡರ್ನ್ ಗ್ರಾಫಿಕ್ಸ್‌ನಂಥ ಕಾಮಿಕ್ಸ್ ಅಂಗಡಿಗಳ ಗುಣವೇ ಬೇರೆ. ಸೀಮಿತ ಪ್ರತಿಗಳ ವಿಷಯದಲ್ಲಿ ನಾನು ನಂಬುವುದು ಇಂಥವರನ್ನೇ. ಯಾವುದು ಮುಗಿಯುತ್ತಿದೆ, ಯಾವುದಕ್ಕೆ ಮರುಮುದ್ರಣ ಬರುತ್ತಿದೆ ಅನ್ನುವುದು ಅವರ ನಾಲಿಗೆ ತುದಿಯಲ್ಲಿ ಇರುತ್ತದೆ.

ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ವಾಪಸು ಮಾಡುವ ಹಕ್ಕು ಇದೆ. ಅಂಗಡಿಯಲ್ಲಿ ನೋಡಿ ಕೊಂಡದ್ದಕ್ಕೆ ಆ ಹಕ್ಕಿಲ್ಲ, ಪುಸ್ತಕದಲ್ಲಿ ದೋಷ ಇದ್ದರೆ ಮಾತು ಬೇರೆ. ಆದರೆ ಆನ್‌ಲೈನ್ ಪಾರ್ಸೆಲ್‌ನಲ್ಲಿ ಮೂಲೆ ಜಜ್ಜಿ ಬರುವುದು ಜಾಸ್ತಿ. ಸಂಗ್ರಹಕ್ಕೆ ಅಂತ ಕೊಳ್ಳುವವರಿಗೆ ಅದೊಂದು ಕಿರಿಕಿರಿ.

ಮೇಳಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಲೈಪ್‌ಜಿಗ್ ಪುಸ್ತಕ ಮೇಳ ನಡೆಯುತ್ತದೆ, ಅದರ ಜೊತೆಗೆ 2014ರಿಂದ ಮಾಂಗಾ-ಕಾಮಿಕ್-ಕಾನ್ ಸೇರಿಕೊಂಡಿದೆ. ಬೇಸಿಗೆಯ ಆರಂಭಕ್ಕೆ ಡ್ಯೂಸೆಲ್‌ಡಾರ್ಫ್‌ನಲ್ಲಿ ಡೋಕೋಮಿ. ಅಲ್ಲೂ ರಿಯಾಯಿತಿ ಇಲ್ಲ, ಬೆಲೆ ಅದೇ. ಆದರೆ ಪ್ರಕಾಶಕರು ಕೆಲವು ಸಂಪುಟಗಳನ್ನು ಬಿಡುಗಡೆಗೆ ಮುಂಚೆಯೇ ಮೇಳದಲ್ಲಿ ಮಾರುತ್ತಾರೆ. ಜಪಾನಿನಿಂದ ಬಂದ ಕಲಾವಿದರು ಸಹಿ ಮಾಡಿಕೊಡುವುದೂ ಅಲ್ಲೇ.

ದಾರಿ ಎರಡು: ದಪ್ಪ ಸಂಪುಟ, ದೊಡ್ಡ ಆವೃತ್ತಿ

ಆಗಲೇ ಮುಗಿದಿರುವ, ಹೆಸರು ಮಾಡಿರುವ ಸರಣಿಯಾದರೆ ಬಿಡಿ ಸಂಪುಟಗಳ ಹಿಂದೆ ಹೋಗಬೇಡಿ. ಮೊದಲು ಹೊಸ ಆವೃತ್ತಿ ಇದೆಯಾ ಅಂತ ನೋಡಿ. ಇದರಲ್ಲಿ ಎರಡು ಬಗೆ ಇದೆ. ಎರಡಕ್ಕೂ ಅಜಗಜಾಂತರ.

ಒಂದು ಬಗೆ ಅಗ್ಗದ್ದು. ಕಾರ್ಲ್‌ಸನ್ ಇದನ್ನು ಮಾಸಿಫ್ ಅನ್ನುತ್ತದೆ. ಮೂರು ಸಂಪುಟ ಸೇರಿಸಿ ಒಂದು ಮಾಡುತ್ತಾರೆ. 42 ಸಂಪುಟಗಳ ಡ್ರ್ಯಾಗನ್ ಬಾಲ್ ಹೀಗೆ 14 ಆಯಿತು, 72ರ ನರುಟೊ 24 ಆಯಿತು. ಮೂರು ಬಿಡಿ ಸಂಪುಟಕ್ಕೆ ಹೋಲಿಸಿದರೆ ಬೆಲೆ ಚೆನ್ನಾಗಿಯೇ ಉಳಿಯುತ್ತದೆ. ಕಪಾಟಿನಲ್ಲಿ ಜಾಗವೂ ಉಳಿಯುತ್ತದೆ. ಜರ್ಮನಿಯ ಬಾಡಿಗೆ ಕೋಣೆಯಲ್ಲಿ ಇದು ಸಣ್ಣ ವಿಷಯವಲ್ಲ. ತೊಂದರೆ ಏನೆಂದರೆ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಪೂರ್ತಿ ಬಿಚ್ಚಿ ಓದಿದರೆ ಬೆನ್ನಿನ ಮೇಲೆ ಗೆರೆ ಬೀಳುತ್ತದೆ. ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಹೊಲಿಗೆಯೊಳಗೆ ಮುಳುಗಿಬಿಡುತ್ತದೆ. ಇದರ ತುತ್ತತುದಿ ನೋಡಬೇಕಾದರೆ ಟೋಕಿಯೋಪಾಪ್ ತಂದ ಡೆತ್ ನೋಟ್ ಆಲ್-ಇನ್-ಒನ್ ನೋಡಿ. ಇಡೀ ಸರಣಿ ಒಂದೇ ಪುಸ್ತಕದಲ್ಲಿದೆ. ಮಲಗಿಕೊಂಡು ಓದುವ ಮಾತೇ ಇಲ್ಲ.

ಇನ್ನೊಂದು ಬಗೆ ದುಬಾರಿ. ಅಳತೆ ದೊಡ್ಡದು, ಕಾಗದ ಒಳ್ಳೆಯದು, ಬಣ್ಣದ ಪುಟಗಳು ಬಣ್ಣದಲ್ಲೇ ಇರುತ್ತವೆ, ಅನುವಾದವನ್ನೂ ಕೆಲವೊಮ್ಮೆ ಹೊಸದಾಗಿ ತಿದ್ದಿರುತ್ತಾರೆ. ಬೆಲೆ 20 ಯೂರೋ ಆಸುಪಾಸು ಅಥವಾ ಮೇಲೆ. ಎರಡು ಉದಾಹರಣೆ ಹೇಳುತ್ತೇನೆ, ಎರಡರಲ್ಲೂ ಒಂದು ಪಾಠ ಇದೆ. ಮಾನ್ಸ್‌ಟರ್ ಮೊದಲು ಎಗ್ಮಾಂಟ್‌ನಿಂದ 18 ಸಂಪುಟಗಳಲ್ಲಿ ಬಂದಿತ್ತು. ಆಮೇಲೆ ಕಾರ್ಲ್‌ಸನ್ ಅದನ್ನು 9 ಸಂಪುಟಗಳ ಪರ್ಫೆಕ್ಟ್ ಎಡಿಷನ್ ಆಗಿ ತಂದಿತು. ಫುಲ್‌ಮೆಟಲ್ ಆಲ್ಕೆಮಿಸ್ಟ್ ಪಾನಿನಿಯಿಂದ 27 ಸಂಪುಟಗಳಲ್ಲಿ ಬಂದಿತ್ತು, ಆಮೇಲೆ ಆಲ್ಟ್ರಾವರ್ಸ್‌ನಿಂದ 18 ಸಂಪುಟಗಳ ಗಟ್ಟಿ ರಟ್ಟಿನ ಮೆಟಲ್ ಎಡಿಷನ್ ಬಂತು. ಲೈಸೆನ್ಸ್ ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಹಳೆಯ ಆವೃತ್ತಿಯ ಮರುಮುದ್ರಣದ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ಹಳೆಯ 27ರಲ್ಲಿ 15 ನಿಮ್ಮ ಬಳಿ ಇದ್ದರೆ ಉಳಿದ 12ನ್ನು ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು. ಅಳತೆಯೂ ಹಂಚಿಕೆಯೂ ಬೇರೆ ಆದ್ದರಿಂದ ಹಳೆಯದಕ್ಕೆ ಹೊಸದನ್ನು ಜೋಡಿಸಲು ಬರುವುದಿಲ್ಲ.

ಓದಿ ಇಷ್ಟಪಟ್ಟ, ಇಪ್ಪತ್ತು ವರ್ಷವಾದ ಮೇಲೂ ಮತ್ತೆ ತೆಗೆಯುತ್ತೇನೆ ಅನ್ನುವ ಕಥೆಗೆ ಮಾತ್ರ ದುಬಾರಿ ಆವೃತ್ತಿ ತೆಗೆದುಕೊಳ್ಳಿ. ಮೊದಲ ಓದಿಗೆ ಬೇಡ. ಈಗ ನಡೆಯುತ್ತಿರುವ ಸರಣಿಗೆ ದಪ್ಪ ಆವೃತ್ತಿ ಬರುತ್ತದೆ ಅಂತ ಕಾಯುವುದೂ ಬೇಡ. ಬಂದರೂ ವರ್ಷಗಳು ಬೇಕು. ಎಲ್ಲರೂ ಹಾಗೇ ಕಾಯುತ್ತಾ ಕೂತರೆ ಬಿಡಿ ಸಂಪುಟ ಮಾರಾಟವಾಗದೆ ಸರಣಿಯೇ ಮುಗ್ಗರಿಸುತ್ತದೆ.

ದಾರಿ ಮೂರು: ಡಿಜಿಟಲ್

ಇಲ್ಲಿ ಚುಟುಕಾಗಿ ಹೇಳುತ್ತೇನೆ. ಜರ್ಮನ್ ಇ-ಮಾಂಗಾ ಸಾಮಾನ್ಯವಾಗಿ ಅಚ್ಚಿನ ಪ್ರತಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಟೊಲಿನೊ, ಕಿಂಡಲ್ ಎರಡೂ ಇ-ರೀಡರ್‌ಗಳಿಗೆ ಇವೆ. ಆದರೆ ಎಲ್ಲ ಸರಣಿಗೂ ಡಿಜಿಟಲ್ ಹಕ್ಕು ಇರುವುದಿಲ್ಲ, ಹಕ್ಕು ಇದ್ದದ್ದು ಹೋಗುವುದೂ ಉಂಟು. 100 ದಾಟಿದ ಒನ್ ಪೀಸ್, ಡಿಟೆಕ್ಟಿವ್ ಕಾನನ್‌ನಂಥ ಉದ್ದನೆಯ ಸರಣಿಗೆ ಡಿಜಿಟಲ್ ಒಳ್ಳೆಯ ದಾರಿ. ಅಷ್ಟು ಪುಸ್ತಕಕ್ಕೆ ಕಪಾಟು ಎಲ್ಲಿಂದ ತರುವುದು, ಅಲ್ವಾ? ಜಪಾನಿನ ಪ್ರಕಾಶಕ ಶುಯೆಶಾ 2019ರ ಜನವರಿಯಲ್ಲಿ ಶುರು ಮಾಡಿದ ಮಾಂಗಾ ಪ್ಲಸ್ ತಾಣದಲ್ಲಿ ಅವರ ಹೊಸ ಅಧ್ಯಾಯಗಳು ಅದೇ ದಿನ ಇಂಗ್ಲಿಷ್‌ನಲ್ಲಿ ಬರುತ್ತವೆ. ಮೊದಲ ಕೆಲವು ಮತ್ತು ಕೊನೆಯ ಕೆಲವು ಅಧ್ಯಾಯ ಪುಕ್ಕಟೆ. ಒಂದು ಸರಣಿ ನಿಮಗೆ ಹಿಡಿಸುತ್ತದಾ ಅಂತ ನೋಡಲು ಅಷ್ಟು ಸಾಕು. ಕದ್ದು ಹಾಕಿದ ಸ್ಕ್ಯಾನ್ ಓದಬೇಡಿ. ಜರ್ಮನ್ ಮಾರುಕಟ್ಟೆಯಲ್ಲಿ ಸಣ್ಣ ಸರಣಿಯ ಉಳಿವು ಕೆಲವು ಸಾವಿರ ಓದುಗರ ಕೈಯಲ್ಲಿ ಇರುತ್ತದೆ. ಅವರಲ್ಲಿ ನೀವೂ ಒಬ್ಬರು.

ದಾರಿ ನಾಲ್ಕು: ಸೆಕೆಂಡ್ ಹ್ಯಾಂಡ್

ಕಟ್ಟುಬೆಲೆಯಿಂದ ತಪ್ಪಿಸಿಕೊಳ್ಳಲು ಇರುವ ನ್ಯಾಯವಾದ ಮುಖ್ಯ ದಾರಿ ಇದು. ಮೆಡಿಮಾಪ್ಸ್, ರಿಬೈ, ಈಬೇ, ವಿಂಟೆಡ್, ಕ್ಲೈನ್‌ಆನ್‌ಸೈಗನ್ ಹೀಗೆ ಹಳೆಯದು ಮಾರುವ ತಾಣಗಳು ಹಲವು ಇವೆ. ಇವುಗಳಲ್ಲಿ ನನಗೆ ಹೆಚ್ಚು ಇಷ್ಟ ಕ್ಲೈನ್‌ಆನ್‌ಸೈಗನ್. ಶಾಲೆ ಮುಗಿಸಿ ಬೇರೆ ಊರಿಗೆ ಹೋಗುವ ಹುಡುಗರು, ಹುಡುಗಿಯರು ಇಡೀ ಸರಣಿಯನ್ನು ಒಂದೇ ಗಂಟಿಗೆ ಮಾರುತ್ತಾರೆ. ಹತ್ತಿರದವರಾದರೆ ನೀವೇ ಹೋಗಿ, ನೋಡಿ, ತರಬಹುದು. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಗಂಟೇ ಲಾಭ. ಅಂಚೆ ಖರ್ಚು ಒಂದು ಸಲ ಮಾತ್ರ ಬೀಳುತ್ತದೆ, ಮಧ್ಯದ ಕಾಣೆಯಾದ ಸಂಪುಟಗಳೂ ಅದರೊಳಗೇ ಬರುತ್ತವೆ.

ನೋಡಿಕೊಳ್ಳಬೇಕಾದ್ದು ಕೆಲವು. ಬೆನ್ನಿನ ಫೋಟೋ ಕೇಳಿ. ಬಿಸಿಲಿಗೆ ಮೊದಲು ಬಣ್ಣ ಬಿಡುವುದು ಬೆನ್ನೇ. ಸಿಗರೇಟು ಸೇದುವ ಮನೆಯಾ ಅಂತಲೂ ಕೇಳಿ, ಆ ವಾಸನೆ ಕಾಗದದಿಂದ ಹೋಗುವುದಿಲ್ಲ. ಹಾಗೆ ಕೇಳುವುದು ಅಲ್ಲಿ ತಪ್ಪಲ್ಲ, ಮಾರುವವರೇ ಮೊದಲು ಬರೆದಿರುತ್ತಾರೆ. ಮುದ್ರಣದ ವಿವರ ಇರುವ ಪುಟ ತೆರೆದು ಎಷ್ಟನೇ ಮುದ್ರಣ ಅಂತ ನೋಡಿ. ಮೊದಲ ಮುದ್ರಣ ಅಂತ ಜಾಸ್ತಿ ದುಡ್ಡು ಕೇಳಿದಾಗ ಇದು ಮುಖ್ಯ. 1990ರ ದಶಕದ ಪ್ರತಿಗಳಾದರೆ ಓದುವ ದಿಕ್ಕನ್ನೂ ಗಮನಿಸಿ. ಕಾರ್ಲ್‌ಸನ್ 1991ರಲ್ಲಿ ಅಕಿರಾ ತಂದಾಗ ಚಿತ್ರಗಳನ್ನು ಕನ್ನಡಿಯಂತೆ ತಿರುಗಿಸಿ, ಬಣ್ಣ ಹಾಕಿ, ಎಡದಿಂದ ಬಲಕ್ಕೆ ಓದುವಂತೆ ಮಾಡಿತ್ತು. 1990ರ ದಶಕದ ಕೊನೆಯ ಭಾಗದಲ್ಲಿ ಬಂದ ಡ್ರ್ಯಾಗನ್ ಬಾಲ್‌ನಿಂದ ಜಪಾನಿನ ಹಾಗೆ ಬಲದಿಂದ ಎಡಕ್ಕೆ ಓದುವ ರೂಢಿ ಬಂತು.

ಹೊಸ ಪುಸ್ತಕವೇ ಕಡಿಮೆಗೆ ಸಿಗುವ ಒಂದು ಸಂದು ಇದೆ. ಸ್ವಲ್ಪ ಕಲೆ, ಗೀರು ಇರುವ ಪ್ರತಿಗಳ ಬದಿಯಲ್ಲಿ ಮೆಂಗಲ್‌ಎಕ್ಸೆಂಪ್ಲಾರ್ (ದೋಷವಿರುವ ಪ್ರತಿ) ಅಂತ ಮುದ್ರೆ ಒತ್ತಿ ಕಡಿಮೆಗೆ ಮಾರಬಹುದು. ಓದಲು ಮಾತ್ರ ಬೇಕು ಅನ್ನುವವರಿಗೆ ಇದು ಬಂಪರ್. ಕಪಾಟಿನಲ್ಲಿ ಜೋಡಿಸಿ ಅಂದ ನೋಡುವವರಿಗೆ ಆ ಮುದ್ರೆ ಕಣ್ಣಿಗೆ ಚುಚ್ಚುತ್ತದೆ.

ಇಂಗ್ಲಿಷ್ ಸಂಪುಟ ತರಿಸಿದರೆ?

ಬೇರೆ ದೇಶದ ಮಾರುಕಟ್ಟೆಗೆ ಅಚ್ಚಾದ ಇಂಗ್ಲಿಷ್ ಪುಸ್ತಕಗಳಿಗೆ ಕಟ್ಟುಬೆಲೆ ಇಲ್ಲ. ಹಾಗಾಗಿ ಅಲ್ಲಿ ಬೆಲೆ ಏರಿಳಿಯುತ್ತದೆ, ಆಫರ್ ಬರುತ್ತದೆ. ಜರ್ಮನ್‌ನಲ್ಲಿ ಬಾರದ ಎಷ್ಟೋ ಸರಣಿಗಳು ಇಂಗ್ಲಿಷ್‌ನಲ್ಲಿ ಇವೆ. ಅದರ ತಿರುಗಾ ಮುರುಗಾ ಕೂಡ ನಿಜ, ಜರ್ಮನ್ ಪ್ರಕಾಶಕರು ಹುಡುಗಿಯರಿಗಾಗಿ ಬರೆದ ಪ್ರೇಮಕಥೆಗಳನ್ನು ಮೊದಲಿನಿಂದಲೂ ಧಾರಾಳವಾಗಿ ತರುತ್ತಾರೆ.

ಆದರೆ ನೀವು ಬೆಂಗಳೂರಿಗೆ ಹೋಗಿ ಬಂದು ಮಾಡುವವರಾದರೆ ಇಂಗ್ಲಿಷ್ ಸಂಪುಟವನ್ನು ಜರ್ಮನಿಯಲ್ಲಿ ಕೊಳ್ಳಬೇಡಿ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಅದೇ ಸರಣಿ ರೂಪಾಯಿ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ಜರ್ಮನಿಯಲ್ಲಿ ಇರುವಷ್ಟು ದಿನ ಜರ್ಮನ್ ಪ್ರತಿಯನ್ನೇ ಕೊಳ್ಳಿ ಅನ್ನಲು ನನಗೆ ಇನ್ನೊಂದು ಕಾರಣ ಇದೆ. ಭಾಷೆ ಕಲಿಯಲು ಇಷ್ಟು ಒಳ್ಳೆಯ ಪುಸ್ತಕ ಬೇರೆ ಸಿಗುವುದಿಲ್ಲ. ಶಾಲೆ, ಅಡುಗೆಮನೆ, ಜಗಳ, ತಮಾಷೆ ಹೀಗೆ ದಿನನಿತ್ಯದ ಮಾತೇ ತುಂಬಿರುತ್ತದೆ. ವಾಕ್ಯ ಚಿಕ್ಕದು, ಅರ್ಥವಾಗದಿದ್ದರೆ ಚಿತ್ರ ಕೈ ಹಿಡಿಯುತ್ತದೆ. ಭಾಷೆಯಲ್ಲಿ ಬಿ1, ಅಂದರೆ ಮಧ್ಯಮ ಹಂತಕ್ಕೆ ಬಂದವರು ಶಾಲೆಯ ಕಥೆಗಳಿಂದ ಶುರು ಮಾಡಬಹುದು. ಇತಿಹಾಸ, ಮಾಟಮಂತ್ರದ ಕಥೆಗಳನ್ನು ಸ್ವಲ್ಪ ಮುಂದಕ್ಕೆ ಇಟ್ಟುಕೊಳ್ಳಿ.

ಇನ್ನು ಕೊಳ್ಳುವ ಮೊದಲು ನಿಮ್ಮ ಊರಿನ ಸ್ಟಾಟ್‌ಬಿಬ್ಲಿಯೋಟೆಕ್‌ಗೆ ಒಮ್ಮೆ ಹೋಗಿ. ನಗರದ ಈ ಗ್ರಂಥಾಲಯಗಳಲ್ಲಿ ಮಾಂಗಾ ಕಪಾಟುಗಳು ಚೆನ್ನಾಗಿಯೇ ಇರುತ್ತವೆ. ಅದೇ ಕಾರ್ಡ್ ಇದ್ದರೆ ಓನ್‌ಲೈಯೆ ಅನ್ನುವ ಗ್ರಂಥಾಲಯಗಳ ಆನ್‌ಲೈನ್ ಎರವಲು ಸೇವೆಯ ಮೂಲಕ ಮನೆಯಿಂದಲೇ ಡಿಜಿಟಲ್ ಪ್ರತಿಗಳನ್ನು ಪಡೆಯಬಹುದು. ಆಗಸ್ಟ್ 2022ರಲ್ಲಿ ಶುರುವಾದ ಮಾಂಗಾ ಡೇ ದಿನ ಪುಸ್ತಕದಂಗಡಿಗಳಲ್ಲಿ ಹೊಸ ಸರಣಿಗಳ ಮಾದರಿ ಪುಸ್ತಕಗಳನ್ನು ಪುಕ್ಕಟೆ ಹಂಚುತ್ತಾರೆ. ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್‌ನಲ್ಲೂ ಇದು ನಡೆಯುತ್ತದೆ.

ನಾನಾದರೆ ಏನು ಮಾಡುತ್ತೇನೆ

ಹೊಸ ಸರಣಿಯ ಮೊದಲ ಸಂಪುಟವನ್ನು ಗ್ರಂಥಾಲಯದಲ್ಲೋ ಪುಕ್ಕಟೆ ಅಧ್ಯಾಯದಲ್ಲೋ ಓದಿ ನೋಡುತ್ತೇನೆ. ಹಿಡಿಸಿದರೆ ಬೀದಿಯ ಅಂಗಡಿಯಲ್ಲಿ ಹೇಳಿಟ್ಟು ಬಂದ ಹಾಗೆ ಕೊಳ್ಳುತ್ತೇನೆ. ಮಧ್ಯದಲ್ಲಿ ನಿಲ್ಲಿಸುವುದಿಲ್ಲ. ಎರಡು ತಿಂಗಳು ಕೈ ಬಿಗಿಯಾದರೆ ಹೊಸ ಸರಣಿ ಶುರು ಮಾಡುವುದನ್ನು ಬಿಡುತ್ತೇನೆ, ಹಿಡಿದದ್ದರ ಮುಂದಿನ ಸಂಪುಟ ಬಿಡುವುದಿಲ್ಲ. ಮುಗಿದ ಸರಣಿಯಾದರೆ ಮೊದಲು ಕ್ಲೈನ್‌ಆನ್‌ಸೈಗನ್‌ನಲ್ಲಿ ಇಡೀ ಗಂಟು, ಅದಿಲ್ಲದಿದ್ದರೆ ಮೂರು ಸೇರಿಸಿದ ದಪ್ಪ ಸಂಪುಟ. ನೂರು ದಾಟಿದ ಸರಣಿ ಡಿಜಿಟಲ್‌ನಲ್ಲಿ. ದುಬಾರಿ ಆವೃತ್ತಿ ವರ್ಷಕ್ಕೆ ಒಂದು ಸರಣಿಗಿಂತ ಹೆಚ್ಚು ಬೇಡ.

ಎರಡು, ಮೂರು ವರ್ಷದಲ್ಲಿ ಊರಿಗೆ ಮರಳುವವರು ತೂಕದ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಸಾಮಾನ್ಯ ಸಂಪುಟ ಒಂದು 200 ಗ್ರಾಂ ಆಸುಪಾಸು ಇರುತ್ತದೆ. ನೂರು ಪುಸ್ತಕ ಅಂದರೆ ಸುಮಾರು 20 ಕಿಲೋ, ವಿಮಾನದ 23 ಕಿಲೋ ಸೂಟ್‌ಕೇಸ್ ಹೆಚ್ಚುಕಮ್ಮಿ ಅಲ್ಲಿಗೇ ತುಂಬಿತು. ಪ್ರತಿ ಸಲ ರಜೆಗೆ ಬರುವಾಗ ಮುಗಿದ ಸರಣಿಯೊಂದನ್ನು ಜೊತೆಗೆ ತಂದಿಟ್ಟುಬಿಡಿ. ಮತ್ತೆ ಓದುವುದಿಲ್ಲ ಅನಿಸಿದ್ದನ್ನು ಸಂಪೂರ್ಣ ಗಂಟಾಗಿ ಅಲ್ಲೇ ಮಾರಿ. ಒಂದೂ ಸಂಪುಟ ತಪ್ಪದ ಜರ್ಮನ್ ಸರಣಿಗೆ ಅಲ್ಲಿ ಬೇಗ ಗಿರಾಕಿ ಸಿಗುತ್ತಾರೆ, ಬೆಂಗಳೂರಿನಲ್ಲಿ ಸಿಗುವುದು ಕಷ್ಟ.